ಎಡ ಹೆಗಲ ನಕ್ಷತ್ರ

ಗಾರೆಯ ಗೋಡೆ ಗಟ್ಟಿಯೋ ಪೊಳ್ಳೋ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಬೇಕು. ಹಿಂದಿನ ಗೋಡೆಯನ್ನು ಕಚ್ಚಿಕೊಂಡಿದ್ದರೆ ಟಕ್ ಅನ್ನುತ್ತದೆ. ಬಿಟ್ಟುಕೊಂಡಿದ್ದರೆ ಡಬ್ ಅನ್ನುತ್ತದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಮೈಸೂರಿನಲ್ಲಿ ಗಾರೆ ಕೆಲಸಕ್ಕೆ ಸೇರಿದಾಗ ಇದನ್ನು ನನಗೆ ಹೇಳಿಕೊಟ್ಟವನು ಮೇಸ್ತ್ರಿ ಪುಟ್ಟಸ್ವಾಮಿ. ಪೊಳ್ಳು ಕಂಡಲ್ಲಿ ಅವನು ಇಟ್ಟಿಗೆ ಚೂರಿನಿಂದ ಒಂದು ಸುತ್ತು ಗೀರುತ್ತಿದ್ದ. ಸುತ್ತು ಗೀರಿದ ಮೇಲೆ ಅದನ್ನು ಯಾರೂ ಮುಚ್ಚುವ ಹಾಗಿರಲಿಲ್ಲ. ಅಷ್ಟನ್ನು ಕಿತ್ತು ಹೊಸದಾಗಿ ಹಾಕಬೇಕು. ನಮ್ಮ ಕೆಲಸದ ಕಟ್ಟು ಅದು. "ಸೋಮಲಿಂಗ, ನಿನಗೆ ನೆಟ್ಟಗೆ ಬರೆಯೋಕೆ ಬರೋದು ಸೊನ್ನೆ ಒಂದೇ, ಅದನ್ನಾದರೂ ದುಂಡಗೆ ಬರಿ" ಅಂತ ನಗುತ್ತಿದ್ದ.

ಎರಡು ಸಾವಿರದ ಹದಿನಾರನೇ ಇಸವಿ ಏಪ್ರಿಲ್‌ನಲ್ಲಿ ನಾನು ಆರು ತಿಂಗಳ ವೀಸಾದ ಮೇಲೆ ಬರ್ಮಿಂಗ್‌ಹ್ಯಾಮ್‌ಗೆ ಹೋದೆ. ಮಗಳು ಉಷಾ ಅಲ್ಲಿ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು. ಅಳಿಯ ಇಂದುಶೇಖರ ಜಿಪಿ, ಅಂದರೆ ಬಡಾವಣೆಯ ಜನ ಮೊದಲು ತೋರಿಸಿಕೊಳ್ಳುವ ಡಾಕ್ಟರು. ಹಾರ್ಬೋರ್ನ್‌ನಲ್ಲಿ ಅವರ ಮನೆ. ಮೊಮ್ಮಗಳು ಹಂಸಾ ಅಲ್ಲೇ ಹುಟ್ಟಿದವಳು. ಕಟ್ಟಡದ ನಕ್ಷೆ ಮಾಡುವ ಓದು ಮುಗಿಸಿ ಒಂದು ಆಫೀಸಿಗೆ ಹೊಸದಾಗಿ ಸೇರಿದ್ದಳು. ಅವಳ ತಾಯಿ ಕನ್ನಡದಲ್ಲಿ ಮಾತಾಡಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ನನಗೆ ಮಾತ್ರ ತನಗೆ ಬಂದಷ್ಟು ಕನ್ನಡದಲ್ಲಿ ಮಾತಾಡುತ್ತಾಳೆ.

ಹೋದ ಮೂರನೇ ದಿನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೇಳಿದಳು. "ತಾತ, ನಿಮಗೆ ಡೋಮ್ ಕಟ್ಟೋಕೆ ಬರುತ್ತಾ?"

"ಗುಮ್ಮಟಕ್ಕೆ ಗಾರೆ ಹಾಕಿದೀನಿ ಕಣಮ್ಮ. ಕಟ್ಟಿದವರು ಬೇರೆ."

ಅವಳು ತೋರಿಸಿದ್ದು ಒಂದು ಚರ್ಚಿನ ಚಿತ್ರ. ನಾನು ಕಂಡ ಚರ್ಚುಗಳ ಹಾಗೆ ಚೂಪು ಗೋಪುರ ಇಲ್ಲ. ನಡುವೆ ಒಂದು ದೊಡ್ಡ ಗುಮ್ಮಟ, ಸುತ್ತ ಅರ್ಧರ್ಧ ಗುಮ್ಮಟಗಳು, ಗೋಡೆಗೆ ಕೆಂಪು ಬಿಳಿ ಪಟ್ಟೆ. "ಇದು ಬೈಜಾಂಟೈನ್ ಸ್ಟೈಲ್ ತಾತ. ಸಾವಿರದೈನೂರು ವರ್ಷ ಹಳೇದು. ಹಂಡ್ರೆಡ್ ಇಯರ್ಸ್ ಹಿಂದೆ ಇಂಗ್ಲೆಂಡಲ್ಲಿ ಇದು ಒಂದ್ಸಲ ವಾಪಸ್ ಬಂದಿತ್ತು. ಈಗ ಮತ್ತೆ ಬರ್ತಿದೆ. ನಾವು ಕಾಂಕ್ರೀಟಲ್ಲಿ ಮಾಡ್ತಿದೀವಿ."

"ನೋಡಿ ಮಾವ," ಅಂದ ಇಂದುಶೇಖರ, "ಹೊಸದು ಕಟ್ಟಿ ಹಳೇದು ಅಂತ ತೋರಿಸೋದಕ್ಕೆ ಇವಳು ಏಳು ವರ್ಷ ಓದಿದ್ದು. ನನ್ನ ಹತ್ರ ಬರೋ ಪೇಷಂಟುಗಳು ಉಲ್ಟಾ ಕೇಳ್ತಾರೆ."

"ಡ್ಯಾಡ್, ಸ್ಟಾಪ್ ಇಟ್."

ಊರಿನ ಅಂಚಿನಲ್ಲಿ ಆ ಚರ್ಚು ಏಳುತ್ತಿತ್ತು. ಸೈಪ್ರಸ್ ದ್ವೀಪದಿಂದಲೂ ರುಮೇನಿಯಾದಿಂದಲೂ ಬಂದು ನೆಲೆಸಿದ ಜನ ಸೇರಿ ಕಟ್ಟಿಸುತ್ತಿದ್ದರು. ಮೂವತ್ತು ವರ್ಷ ಬಾಡಿಗೆ ಹಾಲಿನಲ್ಲಿ ಪೂಜೆ ಮಾಡಿದವರಂತೆ. ಹಂಸಾ ವಾರಕ್ಕೊಂದು ಸಲ ಅಲ್ಲಿ ಕೆಲಸ ನೋಡಲು ಹೋಗುತ್ತಿದ್ದಳು. ಒಂದು ದಿನ ತಲೆಗೆ ಹೆಲ್ಮೆಟ್, ಮೈಗೆ ಹಳದಿ ಅಂಗಿ ಹಾಕಿಸಿ ನನ್ನನ್ನೂ ಕರೆದುಕೊಂಡು ಹೋದಳು.

ಕಿರಿಯಾಕೊಸ್ ಸಿಕ್ಕಿದ್ದು ಅಲ್ಲಿ. ನನಗಿಂತ ನಾಲ್ಕು ವರ್ಷ ದೊಡ್ಡವನು. ಸೈಪ್ರಸ್ಸಿನಿಂದ ಇಪ್ಪತ್ತನೇ ವಯಸ್ಸಿಗೆ ಬಂದವನು, ಬರ್ಮಿಂಗ್‌ಹ್ಯಾಮಿನ ಬಚ್ಚಲುಮನೆಗಳಿಗೆ ಟೈಲ್ಸು ಕೂರಿಸಿಯೇ ಬಾಳು ಕಳೆದವನು. ಬಣ್ಣದ ಗಾಜಿನ ಚೂರು ಕೂರಿಸಿ ದೇವರ ಚಿತ್ರ ಮಾಡುವ ಕೆಲಸ ಅವನ ಚಿಕ್ಕಪ್ಪನಿಂದ ಕಲಿತದ್ದು. ಅದನ್ನು ದೊಡ್ಡದಾಗಿ ಮಾಡುವ ಅವಕಾಶ ಎಪ್ಪತ್ತೆಂಟನೇ ವಯಸ್ಸಿಗೆ ಬಂದಿತ್ತು. ಟೈಲ್ಸು ಕೊಯ್ಯುವ ಮೆಷಿನ್ನಿನ ಸದ್ದಿಗೆ ಅವನ ಎರಡು ಕಿವಿಯೂ ಹೋಗಿದ್ದವು. ಮಕ್ಕಳು ಬರೆಯುವ ಬಿಳಿ ಬೋರ್ಡೊಂದನ್ನು ಕೊರಳಿಗೆ ನೇತುಹಾಕಿಕೊಂಡಿರುತ್ತಿದ್ದ. ಅವನಿಗೆ ಹೇಳುವುದನ್ನು ಅದರ ಮೇಲೆ ಇಂಗ್ಲಿಷಿನಲ್ಲಿ ಬರೆದು ತೋರಿಸಬೇಕು, ಅವನೂ ಹಾಗೇ ಬರೆದು ತೋರಿಸುತ್ತಿದ್ದ. ನನಗೆ ಆ ಅಕ್ಷರ ಬಾರದು. ಹಾಗಾಗಿ ನಮ್ಮಿಬ್ಬರ ನಡುವೆ ಹಂಸಾ ಇಲ್ಲದಿದ್ದರೆ ಮಾತೇ ಇಲ್ಲ.

ಆದರೂ ಮೊದಲ ದಿನವೇ ಸ್ನೇಹವಾಯಿತು. ಅವನ ಬಕೆಟ್ಟಿನಲ್ಲಿ ಅರಳಿಸಿದ ಸುಣ್ಣ ಇತ್ತು. ಬೆರಳು ಅದ್ದಿ ಹೆಬ್ಬೆರಳಿನಿಂದ ಉಜ್ಜಿ ನೋಡಿದೆ. ಬೆಣ್ಣೆಯ ಹಾಗೆ ಇತ್ತು. ತಲೆ ಎತ್ತಿದಾಗ ಅವನು ನನ್ನ ಬೆರಳನ್ನೇ ನೋಡುತ್ತಿದ್ದ. ಒಳಗೆ ಹೋಗಿ ಇನ್ನೊಂದು ಖಾಲಿ ಬಕೆಟ್ ತಂದು ತನ್ನದರ ಪಕ್ಕ ಬೋರಲು ಹಾಕಿದ. ಅಂದಿನಿಂದ ಅದು ನನ್ನ ಜಾಗ.

ನಮ್ಮ ಕಡೆ ಸುಣ್ಣಕ್ಕೆ ಅಳಲೆಕಾಯಿ ನೀರು, ಬೆಲ್ಲದ ನೀರು ಬೆರೆಸುತ್ತೇವೆ, ಗಾರೆ ಕಲ್ಲಾಗುತ್ತದೆ ಅಂತ ತೋರಿಸೋಣವೆಂದು ಮುಂದಿನ ವಾರ ಉಷಾಳ ಡಬ್ಬಿಯಿಂದ ಒಂದು ಹೆಂಟೆ ಬೆಲ್ಲ ಒಯ್ದೆ. ಅವನು ಮೂಸಿ ನೋಡಿ, ತನ್ನ ಕಾಫಿಗೆ ಹಾಕಿ ಕದಡಿ ಕುಡಿದು ಹೆಬ್ಬೆರಳು ಎತ್ತಿ ತೋರಿಸಿದ. ಆಮೇಲೆ ಪ್ರತಿ ವಾರ ಬೆಲ್ಲಕ್ಕೆ ಕೈ ಚಾಚುತ್ತಿದ್ದ.

ಮನೆಗೆ ಬಂದರೆ ಉಷಾಳದು ಒಂದೇ ಪಾಠ. "ಅಪ್ಪ, ಹೋಗಿ, ಕೂತ್ಕೊಳ್ಳಿ, ನೋಡಿ. ಕರಣೆ ಮಾತ್ರ ಮುಟ್ಟಬೇಡಿ. ವಿಸಿಟರ್ ವೀಸಾದಲ್ಲಿ ಬಿಟ್ಟಿ ಮಾಡಿದರೂ ಅದು ಕೆಲಸಾನೇ. ಯಾರಾದರೂ ಹೇಳಿಬಿಟ್ಟರೆ ಮುಂದಿನ ಸಲ ನಿಮ್ಮನ್ನ ಒಳಗೇ ಬಿಡೋಲ್ಲ."

"ಕೈ ಸುಮ್ಮನಿರಲ್ಲ ಕಣೆ."

"ಜೇಬಲ್ಲಿ ಇಟ್ಕೊಳ್ಳಿ."

ಜೇಬಲ್ಲೇ ಇಟ್ಟುಕೊಂಡು ನೋಡಿದೆ. ಚರ್ಚಿನ ಪೂರ್ವದ ಗೋಡೆಯಲ್ಲಿ ಅರ್ಧ ಬಟ್ಟಲನ್ನು ನಿಲ್ಲಿಸಿದ ಹಾಗೆ ಒಂದು ದೊಡ್ಡ ಗೂಡು. ಅದರ ತುಂಬ ಏಸುವಿನ ತಾಯಿ, ಎರಡು ಕೈಯನ್ನೂ ಮೇಲೆತ್ತಿ ನಿಂತವಳು. ಕಾಂಕ್ರೀಟಿನ ಮೇಲೆ ಒಂದು ವರಸೆ ಸುಣ್ಣದ ಗಾರೆಯನ್ನು ಕಂಟ್ರಾಕ್ಟರನ ಜನ ಹಾಕಿದ್ದರು. ಅದರ ಮೇಲೆ ಕಿರಿಯಾಕೊಸ್ ದಿನಕ್ಕೆ ಎರಡು ಅಂಗೈಯಗಲ ಹಸಿ ಗಾರೆ ಬಳಿದು, ಅದು ಒಣಗುವುದರೊಳಗೆ ಗಾಜಿನ ಚೂರುಗಳನ್ನು ಒತ್ತುತ್ತಿದ್ದ. ಚಿನ್ನದ ರೇಕು ಒಳಗಿಟ್ಟ ಗಾಜು. ಒಂದೂ ಮಟ್ಟವಾಗಿ ಕೂರುವಂತಿಲ್ಲ. ಒಂದೊಂದನ್ನೂ ಒಂದೊಂದು ಕಡೆಗೆ ಕೂದಲೆಳೆಯಷ್ಟು ಓರೆ ಮಾಡುತ್ತಿದ್ದ. ಗುಮ್ಮಟದ ಕಿಟಕಿಯಿಂದ ಬಿಸಿಲು ಸರಿದರೆ ಇಲ್ಲೊಂದು ಅಲ್ಲೊಂದು ಮಿನುಗುತ್ತಿತ್ತು. ಮುಖ ಮೊದಲು ಮುಗಿಸಿದ. ಮೂರು ವಾರ ಹಿಡಿಯಿತು. ಅದು ದೇವರ ಮುಖಕ್ಕಿಂತ ಒಬ್ಬ ದಣಿದ ಹೆಂಗಸಿನ ಮುಖದ ಹಾಗಿತ್ತು. ನನಗೆ ಹಿಡಿಸಿತು.

ಸೆಪ್ಟೆಂಬರಿನಲ್ಲಿ ಆ ತಾಯಿಯ ಹುಟ್ಟುಹಬ್ಬ. ಅಂದೇ ದೊಡ್ಡ ಗುರುಗಳು ಬಂದು ಚರ್ಚನ್ನು ತೆರೆಯಬೇಕು ಅಂತ ಗೊತ್ತಾಗಿತ್ತು. ಜೂನ್ ತಿಂಗಳೆಲ್ಲ ಮಳೆ. ಗಾರೆ ಬೇಗ ಒಣಗಲಿ ಅಂತ ಕಂಟ್ರಾಕ್ಟರನ ಮನುಷ್ಯ ಬಿಸಿಗಾಳಿ ಊದುವ ಎರಡು ಮೆಷಿನ್ ತಂದಿಟ್ಟ. ಸುಣ್ಣದ ಗಾರೆಗೆ ಅದು ವಿಷ. ನಾವಾದರೆ ಗೋಣಿತಾಟು ನೆನೆಸಿ ಹೊದಿಸಿ ತಿಂಗಳುಗಟ್ಟಲೆ ತಂಪಾಗಿ ಇಡುತ್ತೇವೆ. ಹಂಸಾಳಿಗೆ ಹೇಳಿದೆ. "ತಾತ, ಅದಕ್ಕೆ ಅವರ ಹತ್ರ ಚಾರ್ಟ್ ಇದೆ" ಅಂದಳು.

ಜುಲೈ ಮೊದಲ ವಾರ ನಾವು ಹೋದಾಗ ಕಿರಿಯಾಕೊಸ್ ಇರಲಿಲ್ಲ. ಕಣ್ಣು ತೋರಿಸಲು ಆಸ್ಪತ್ರೆಗೆ ಹೋಗಿದ್ದ. ಹಂಸಾ ಕೆಳಗೆ ಯಾರೊಂದಿಗೋ ಮಾತಿಗೆ ನಿಂತಳು. ನಾನು ಅಟ್ಟಣಿಗೆ ಹತ್ತಿ ಇನ್ನೂ ಬರಿದಾಗಿದ್ದ ಗಾರೆಯನ್ನು ತಟ್ಟುತ್ತ ಹೋದೆ. ತಟ್ಟುವುದು ಕೆಲಸವಲ್ಲವಲ್ಲ. ಬಲ ಹೆಗಲು ಬರುವ ಜಾಗ, ಟಕ್. ತೋಳು, ಟಕ್. ಎಡ ಹೆಗಲಿಗೆ ಬಂದೆ. ಡಬ್. ಇನ್ನೊಮ್ಮೆ ತಟ್ಟಿದೆ. ಊಟದ ತಟ್ಟೆಯಗಲ ಜಾಗ ಗೋಡೆಯನ್ನು ಪೂರಾ ಬಿಟ್ಟುಕೊಂಡಿತ್ತು.

ಅಟ್ಟಣಿಗೆಯ ಮೇಲೆ ಒಂದು ಕೆಂಪಿಟ್ಟಿಗೆ ಚೂರು ಬಿದ್ದಿತ್ತು. ತೆಗೆದು ದುಂಡಗೆ ಒಂದು ಸುತ್ತು ಗೀರಿದೆ. ಮಾತು ಬೇಡ, ಅಕ್ಷರ ಬೇಡ, ಸುಣ್ಣ ಕಲಸುವ ಮನುಷ್ಯನಿಗೆ ಯಾವ ದೇಶದಲ್ಲಾದರೂ ಇದು ತಿಳಿದೇ ತಿಳಿಯುತ್ತದೆ ಅಂದುಕೊಂಡೆ. ಹಂಸಾಳಿಗೂ ಹೇಳಲಿಲ್ಲ. ಒಬ್ಬ ಕೆಲಸಗಾರನ ತಪ್ಪನ್ನು ಇನ್ನೊಬ್ಬ ಕೆಲಸಗಾರನಿಗೆ ಮಾತ್ರ ತೋರಿಸಬೇಕು, ಯಜಮಾನರವರೆಗೆ ಒಯ್ಯಬಾರದು. ಇದೂ ಪುಟ್ಟಸ್ವಾಮಿ ಹೇಳಿಕೊಟ್ಟದ್ದೇ.

ಮುಂದಿನ ವಾರ ಬಾಗಿಲು ದಾಟುವಷ್ಟರಲ್ಲಿ ಕಿರಿಯಾಕೊಸ್ ಓಡಿ ಬಂದ. ನನ್ನನ್ನು ತಬ್ಬಿ ಎರಡು ಕೆನ್ನೆಗೂ ಮುತ್ತು ಕೊಟ್ಟ. ಕೈ ಹಿಡಿದು ಎಳೆದುಕೊಂಡು ಅಟ್ಟಣಿಗೆ ಹತ್ತಿಸಿದ. ಎಡ ಹೆಗಲ ಮೇಲೆ, ನನ್ನ ಸುತ್ತಿನ ಒಳಗೆ ಸರಿಯಾಗಿ, ಎಂಟು ಮೂಲೆಯ ಒಂದು ಚಿನ್ನದ ನಕ್ಷತ್ರ ಹೊಳೆಯುತ್ತಿತ್ತು. ಸುತ್ತಲೂ ಕಡುಗೆಂಪು ಗಾಜು ತುಂಬಿ ಆಗಿತ್ತು. ಇಟ್ಟಿಗೆಯ ಗೀರು ಎಲ್ಲೂ ಕಾಣಲಿಲ್ಲ.

ಅವನು ಬೋರ್ಡಿನ ಮೇಲೆ ಗೀಚಿ ಹಂಸಾಳ ಮುಂದೆ ಹಿಡಿದ. ಅವಳು ಓದಿ ಹೇಳಿದಳು. "ತಾತ, ಈ ತಾಯಿಗೆ ಯಾವಾಗಲೂ ಮೂರು ಸ್ಟಾರ್ ಇರುತ್ತಂತೆ. ಹಣೆ ಮೇಲೆ ಒಂದು, ಎರಡು ಹೆಗಲ ಮೇಲೆ ಎರಡು. ಎಡಗಡೆದು ಎಲ್ಲಿ ಬರಬೇಕು ಅಂತ ಇವರಿಗೆ ಎರಡು ವಾರದಿಂದ ಡೌಟಂತೆ. ಗೋಡೆ ಕರ್ವ್ ಇದೆಯಲ್ಲ, ಕೆಳಗಿಂದ ನೋಡಿದರೆ ಒಂದು ಥರ, ಹತ್ತಿರದಿಂದ ಒಂದು ಥರ. ನೀವು ಮಾರ್ಕ್ ಮಾಡಿದ್ದು ಪರ್ಫೆಕ್ಟ್ ಪ್ಲೇಸಂತೆ. ತನ್ನ ಚಿಕ್ಕಪ್ಪ ಹೋದ ಮೇಲೆ ಕೇಳದೇ ಜಾಗ ತೋರಿಸಿಕೊಟ್ಟವರು ನೀವೇ ಅಂತ ಬರೆದಿದಾರೆ."

"ಹಂಸಾ," ಅಂದೆ, "ಅದು ನಕ್ಷತ್ರಕ್ಕೆ ಗುರುತಲ್ಲ. ಅಲ್ಲಿ ಪೊಳ್ಳಿದೆ. ಗಾರೆ ಕಾಂಕ್ರೀಟನ್ನ ಹಿಡಿದಿಲ್ಲ. ಇವತ್ತೇ ಬಿಚ್ಚಿದರೆ ಗಾಜಾದರೂ ಉಳಿಯುತ್ತೆ. ಇಲ್ಲದಿದ್ದರೆ ಬೀಳುತ್ತೆ. ಹಾಗಂತ ಬರಿ."

ಅವಳು ಪೆನ್ನಿನ ಮುಚ್ಚಳ ತೆಗೆದಳು. ಬರೆಯಲಿಲ್ಲ. ಅಟ್ಟಣಿಗೆಯ ಕೆಳಗೆ ಅವಳ ಆಫೀಸಿನ ಯಜಮಾನ, ಚರ್ಚಿನ ಪಾದ್ರಿ, ಕಂಟ್ರಾಕ್ಟರನ ಮನುಷ್ಯ ಮೂವರೂ ತಲೆ ಎತ್ತಿ ನಕ್ಷತ್ರವನ್ನು ನೋಡುತ್ತ ನಿಂತಿದ್ದರು.

"ಕಾರಲ್ಲಿ ಮಾತಾಡೋಣ ತಾತ," ಅಂದು ಬೋರ್ಡಿನ ಮೇಲೆ ಎರಡು ಸಣ್ಣ ಸಾಲು ಬರೆದಳು. ಕಿರಿಯಾಕೊಸ್ ಓದಿದ. ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ.

ಕಾರಿನಲ್ಲಿ ಕೇಳಿದೆ. "ಏನು ಬರೆದೆ?"

"ಇಟ್ಸ್ ಬ್ಯೂಟಿಫುಲ್ ಅಂತ. ನಿಮಗೆ ತುಂಬ ಸಂತೋಷ ಆಯ್ತು ಅಂತ."

ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಹಸಿರಾದರೂ ಅವಳು ಹೊರಡಲಿಲ್ಲ. ಹಿಂದಿನವರು ಹಾರ್ನ್ ಹೊಡೆದ ಮೇಲೆ ಹೊರಟಳು. ಸ್ವಲ್ಪ ದೂರ ಹೋಗಿ ಪಕ್ಕಕ್ಕೆ ನಿಲ್ಲಿಸಿ ಹೇಳಿದಳು. ಗಾರೆ ಹಾಕುವ ಮುಂಚೆ ನುಣುಪು ಕಾಂಕ್ರೀಟನ್ನು ಉಳಿಯಿಂದ ಕೊಚ್ಚಿ ತರಿತರಿ ಮಾಡಬೇಕಾಗಿತ್ತು. ಕೊಚ್ಚಿದ್ದಾರೆ ಅಂತ ನೋಡಿ ಕಾಗದಕ್ಕೆ ಸಹಿ ಹಾಕುವುದು ಇವಳ ಕೆಲಸ. ಆ ದಿನ ಜ್ವರ ಇತ್ತಂತೆ, ಹೋಗಿರಲಿಲ್ಲ. ಕಂಟ್ರಾಕ್ಟರನ ಮನುಷ್ಯ ಫೋನಿಗೆ ಫೋಟೋ ಕಳಿಸಿದ. ಎಲ್ಲವೂ ಬಲಗಡೆಯ ಫೋಟೋ. ಇವಳು ಇಡೀ ಗೋಡೆಗೆ ಸಹಿ ಹಾಕಿದಳು.

"ಆಮೇಲೆ ಹೋಗಿ ನೋಡಿದಾಗ ಪ್ಲಾಸ್ಟರ್ ಆಗಿಬಿಟ್ಟಿತ್ತು ತಾತ. ಎಲ್ಲ ಸರಿ ಇರಬಹುದು ಅಂದ್ಕೊಂಡೆ. ನನ್ನ ಪ್ರೊಬೇಷನ್ ಇನ್ನೂ ಎರಡು ತಿಂಗಳಿದೆ. ಇದು ಹೊರಗೆ ಬಂದರೆ ಅವರು ಇಟ್ಕೊಳ್ಳಲ್ಲ. ಬೇರೆ ಎಲ್ಲೂ ತಗೊಳ್ಳಲ್ಲ." ಸ್ಟಿಯರಿಂಗಿಗೆ ಹಣೆ ಒತ್ತಿಕೊಂಡು ಕೇಳಿದಳು. "ಬಿದ್ದೇ ಬೀಳುತ್ತಾ? ಶ್ಯೂರಾ?"

"ಯಾವಾಗ ಅಂತ ಹೇಳೋಕಾಗಲ್ಲ."

"ಅಮ್ಮಂಗೆ ಹೇಳಬೇಡಿ, ಪ್ಲೀಸ್."

ನಾನು ಅವಳನ್ನು ಬಯ್ಯಬಹುದಿತ್ತು. ಆದರೆ ಉಷಾಳನ್ನು ಶಾಲೆಗೆ ಸೇರಿಸಿದ ವರ್ಷ ಮೈಸೂರಿನ ಒಂದು ಛತ್ರದ ಚಾವಣಿಯಲ್ಲಿ ಪುಟ್ಟಸ್ವಾಮಿ ಗೀರಿದ ಒಂದು ಸುತ್ತನ್ನು ಮುಚ್ಚಿದವನು ನಾನು. ಕಂಟ್ರಾಕ್ಟರ್ ಕರೆದು, ಮುಚ್ಚು, ಇಲ್ಲವೇ ನಾಳೆಯಿಂದ ಬರಬೇಡ ಅಂದ. ಮುಚ್ಚಿದೆ. ಮೂರು ವರ್ಷಕ್ಕೆ ಅದು ಖಾಲಿ ವೇದಿಕೆಯ ಮೇಲೆ ಬಿತ್ತು. ಆಮೇಲೆ ಪುಟ್ಟಸ್ವಾಮಿ ಸಾಯುವತನಕ ನನ್ನ ಕೈಯಿಂದ ಒಂದು ಎಲೆ ಅಡಿಕೆ ಇಸಿದುಕೊಳ್ಳಲಿಲ್ಲ. ಉಷಾಳ ಫೀಸು ಮಾತ್ರ ಯಾವ ವರ್ಷವೂ ನಿಲ್ಲಲಿಲ್ಲ.

ಹಂಸಾಳ ತಲೆ ಸವರಿದೆ. "ಗಾಡಿ ಬಿಡಮ್ಮ, ಹೊತ್ತಾಯ್ತು" ಅಂದೆ.

ಸುಮ್ಮನಿರಲೂ ಆಗಲಿಲ್ಲ. ಒಂದು ಬೆಳಿಗ್ಗೆ ತಿಂಡಿಗೆ ಕೂತಾಗ ಇಂದುಶೇಖರನಿಗಾದರೂ ಹೇಳಿಬಿಡೋಣ ಅಂತ ಬಾಯಿ ತೆರೆದೆ. ಎದುರಿಗೆ ಹಂಸಾ ಕಚ್ಚಿದ ಬ್ರೆಡ್ಡನ್ನು ಕೈಯಲ್ಲಿ ಹಾಗೇ ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದಳು.

"ಏನು ಮಾವ?" ಅಂದ ಇಂದುಶೇಖರ.

"ಉಪ್ಪಿಟ್ಟಿಗೆ ಉಪ್ಪು ಕಮ್ಮಿ" ಅಂದೆ.

"ಎಪ್ಪತ್ತನಾಲ್ಕರಲ್ಲಿ ಕಮ್ಮಿನೇ ಇರಬೇಕು. ನಿಮ್ಮ ಮಗಳ ಆರ್ಡರ್."

ಮುಂದಿನ ಸಲ ಚರ್ಚಿನಲ್ಲಿ ನಾನೇ ಪ್ರಯತ್ನಪಟ್ಟೆ. ಕಿರಿಯಾಕೊಸನ ಅಂಗೈಯನ್ನು ನಕ್ಷತ್ರದ ಪಕ್ಕ ಒತ್ತಿ ಹಿಡಿದು, ಗೆಣ್ಣಿನಿಂದ ತಟ್ಟಿದೆ. ಕಿವಿಗೆ ಕೇಳದಿದ್ದರೂ ಕೈಗೆ ಅದುರುವುದು ತಿಳಿಯಬಹುದು ಅಂತ. ಅವನು ನನ್ನ ಮುಖ ನೋಡಿದ. ತಲೆ ಆಡಿಸಿದ. ಆಮೇಲೆ ತಾನೂ ಮೆಲ್ಲಗೆ ಎರಡು ಸಲ ತಟ್ಟಿ, ಬಾಗಿಲು ತಟ್ಟಿ ತಾಯಿಯನ್ನು ಎಬ್ಬಿಸಿದವನ ಹಾಗೆ ನಕ್ಕು, ಎದೆಯ ಮೇಲೆ ಶಿಲುಬೆ ಗೀರಿಕೊಂಡ. ನಾನು ಇಲ್ಲ ಇಲ್ಲ ಅಂತ ಕೈ ಆಡಿಸಿದೆ. ಅವನು ನನ್ನ ಕೈ ಹಿಡಿದು ಬಕೆಟ್ಟಿನ ಮೇಲೆ ಕೂರಿಸಿ ಬೆಲ್ಲದ ಕಾಫಿ ಕೊಟ್ಟ. ಕುಡಿದೆ. ಇನ್ನೇನು ಮಾಡಲಿ.

ಸೆಪ್ಟೆಂಬರಿನ ಹಬ್ಬಕ್ಕೆ ನಾವೆಲ್ಲರೂ ಹೋದೆವು. ಉಷಾ ರೇಷ್ಮೆ ಸೀರೆ ಉಟ್ಟಿದ್ದಳು. ಧೂಪದ ಹೊಗೆ ಗುಮ್ಮಟದವರೆಗೆ ಎದ್ದಿತ್ತು. ವಾದ್ಯವಿಲ್ಲ, ಬರೀ ಗಂಡಸರ ಕೊರಳು. ಆ ದಪ್ಪ ಸ್ವರಕ್ಕೆ ಕಾಲ ಕೆಳಗಿನ ಕಲ್ಲು ಅದುರುತ್ತಿತ್ತು. ಜನವೆಲ್ಲ ತಾಯಿಯ ಮುಖ ನೋಡುತ್ತಿದ್ದರು. ನಾನು ಎಡ ಹೆಗಲು ನೋಡುತ್ತಿದ್ದೆ. ಅದರ ನೇರ ಕೆಳಗೆ ಮೂರು ಮಕ್ಕಳು ಮೇಣದ ಬತ್ತಿ ಹಿಡಿದು ನಿಂತಿದ್ದವು. ಎರಡೂವರೆ ಗಂಟೆ ಹಾಗೇ ನೋಡುತ್ತ ನಿಂತೆ. ಹಂಸಾ ನನ್ನ ಕೈ ಹಿಡಿದುಕೊಂಡಿದ್ದಳು. ಮುಗಿದ ಮೇಲೆ ಕಿರಿಯಾಕೊಸ್ ನನ್ನನ್ನು ಹುಡುಕಿ ಬಂದು ನಕ್ಷತ್ರದ ಅಡಿಗೇ ಒಯ್ದು ನಿಲ್ಲಿಸಿ ಫೋಟೋ ತೆಗೆಸಿದ. ಆ ಫೋಟೋ ನನ್ನ ಹತ್ತಿರ ಇದೆ. ಅವನು ಕ್ಯಾಮೆರಾ ನೋಡುತ್ತಿದ್ದಾನೆ. ನಾನು ಮೇಲೆ ನೋಡುತ್ತಿದ್ದೇನೆ.

ಹಬ್ಬದ ಮಾರನೇ ವಾರ ಹಂಸಾಳ ಕೆಲಸ ಖಾಯಂ ಆಯಿತು. ಅಕ್ಟೋಬರಿನಲ್ಲಿ ನನ್ನ ವೀಸಾ ಮುಗಿಯಿತು. ಮೈಸೂರಿಗೆ ಬಂದೆ. ಅವಳು ಫೋನ್ ಮಾಡಿದಾಗಲೆಲ್ಲ ನಾನು ಕೇಳುವ ಮೊದಲೇ "ಇದೆ ತಾತ" ಅನ್ನುತ್ತಿದ್ದಳು.

ಫೆಬ್ರವರಿಯ ಒಂದು ಮಧ್ಯಾಹ್ನ ವೀಡಿಯೋ ಕಾಲ್ ಬಂತು. ಇದೆ ಅನ್ನಲಿಲ್ಲ.

ಎರಡು ದಿನ ಕಟ್ಟಿದ ಹಿಮ ಕರಗಿ, ಶನಿವಾರ ಬೆಳಿಗ್ಗೆ ಬಾಗಿಲು ತೆರೆದಾಗ ನಕ್ಷತ್ರ ನೆಲದ ಮೇಲೆ ಬಿದ್ದಿತ್ತಂತೆ. ಯಾರಿಗೂ ಏನೂ ಆಗಿರಲಿಲ್ಲ. ಅವಳು ಫೋನ್ ತಿರುಗಿಸಿ ತೋರಿಸಿದಳು. ತಾಯಿಯ ಎಡ ಹೆಗಲ ಮೇಲೆ ದುಂಡಗೆ ಬೂದು ಕಾಂಕ್ರೀಟು. ನುಣ್ಣಗೆ, ಉಳಿ ತಾಗದ ಕಾಂಕ್ರೀಟು. ನಾನು ಗೀರಿದಷ್ಟೇ ಅಗಲ.

ಅಟ್ಟಣಿಗೆ ಮತ್ತೆ ಕಟ್ಟಿದ್ದರು. ಅದರ ಮೇಲೆ ಕಿರಿಯಾಕೊಸ್ ಬಕೆಟ್ ಬೋರಲು ಹಾಕಿ ಕೂತಿದ್ದ. ಪಕ್ಕದಲ್ಲಿ ಇನ್ನೊಂದು ಬಕೆಟ್. ಅದರ ಮೇಲೆ ಒಂದು ಟ್ರೇ, ಟ್ರೇ ತುಂಬ ಚಿನ್ನದ ಚೂರು. ಅವನ ಕೈಯಲ್ಲಿ ಅಂಗೈಯಗಲದ ಗಾರೆಯ ಚಕ್ಕೆ. ಅದರ ಒಡೆದ ಅಂಚಿನಲ್ಲಿ, ಎರಡು ವರಸೆಯ ನಡುವೆ, ಇಟ್ಟಿಗೆಯ ಕೆಂಪು ಗೆರೆ ಕಾಣುತ್ತಿತ್ತು. ಅದನ್ನು ಫೋನಿನ ಹತ್ತಿರ ತಂದು ತೋರಿಸಿ, ಬೋರ್ಡಿನ ಮೇಲೆ ಏನೋ ಗೀಚಿದ.

"ಈ ಮಾರ್ಕ್ ಯಾತಕ್ಕೆ ಹಾಕಿದ್ರಿ ಅಂತ ಕೇಳ್ತಿದಾರೆ," ಅಂದಳು ಹಂಸಾ. ಅಳುತ್ತಿದ್ದಳು. "ಏನು ಹೇಳಲಿ ತಾತ?"

"ಇದ್ದದ್ದು ಹೇಳು."

"ನನ್ನ ಸೈನ್‌ದೂ?"

ಅದಕ್ಕೆ ಹೌದು ಅಥವಾ ಬೇಡ ಅನ್ನಲು ನನಗೇನು ಹಕ್ಕು. ಅವಳು ಫೋನನ್ನು ಅಟ್ಟಣಿಗೆಯ ಕಂಬಿಗೆ ಒರಗಿಸಿಟ್ಟು ಬೋರ್ಡು ತೆಗೆದುಕೊಂಡಳು. ಬರೆದಳು. ತುಂಬ ಹೊತ್ತು ಬರೆದಳು. ಬೋರ್ಡು ತುಂಬಿತು, ಅವನು ಓದಿದ ಮೇಲೆ ಒರೆಸಿ ಮತ್ತೆ ಬರೆದಳು. ಅವಳು ಏನು ಬರೆದಳೋ ನನಗೆ ಓದಲು ಬಾರದು. ಎರಡು ಸಾಲಿನ ಮಾತಂತೂ ಅಲ್ಲ.

ಅವನು ಬೋರ್ಡನ್ನು ಕೆಳಗಿಟ್ಟು ತನ್ನ ಕೈ ನೋಡಿಕೊಂಡ. ಅವಳಿಗೆ ಬಯ್ಯಲಿಲ್ಲ. ನನ್ನ ಕಡೆಗೂ ನೋಡಲಿಲ್ಲ. ಆಮೇಲೆ ಎದ್ದು, ತಾಯಿಯ ಕೆನ್ನೆಯ ಹತ್ತಿರ ಗೆಣ್ಣಿನಿಂದ ತಟ್ಟಿದ. ನಾನು ತಟ್ಟಿದ ಹಾಗೆಯೇ ತಟ್ಟಿದ. ತಟ್ಟಿ, ತಿರುಗಿ, ಫೋನಿನೊಳಗೆ ನನ್ನ ಮುಖ ನೋಡಿದ.

"ಫೇಸ್ ಉಳಿಯುತ್ತಾ ಅಂತ ಕೇಳ್ತಿದಾರೆ ತಾತ. ಅವರಿಗೆ ಕೇಳಿಸಲ್ಲ. ನನಗೆ ಎರಡೂ ಒಂದೇ ಥರ ಕೇಳ್ಸುತ್ತೆ. ಕಂಟ್ರಾಕ್ಟರ್ ಯಾವುದೋ ಮೆಷಿನ್ ತರ್ತೀನಿ ಅಂತಾನೆ, ಅದು ಏಪ್ರಿಲ್‌ಗೆ. ನೀವು ಕೇಳಿ ಹೇಳಿ."

ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಅವನು ಕೆನ್ನೆ ತಟ್ಟಿದ. ಹಣೆ ತಟ್ಟಿದ. ಕಣ್ಣಿನ ಕೆಳಗೆ ತಟ್ಟಿದ. ಫೋನಿನಲ್ಲಿ ಟಪ್ ಟಪ್ ಅಂತ ಬಂತು. ಅದು ಟಕ್ಕೂ ಅಲ್ಲ, ಡಬ್ಬೂ ಅಲ್ಲ. ಬಲ ಹೆಗಲು ತಟ್ಟಲು ಹೇಳು ಅಂದೆ, ಅದು ಗಟ್ಟಿ ಅಂತ ನನಗೆ ಗೊತ್ತಿತ್ತಲ್ಲ. ಅಲ್ಲೂ ಟಪ್ ಅಂದಿತು. ಎಲ್ಲಾ ಕಡೆಯೂ ಒಂದೇ ಸದ್ದು.

"ಏನು ತಾತ? ಗಟ್ಟಿನಾ?"

ಫೋನನ್ನು ಕಿವಿಯಿಂದ ತೆಗೆದು ನೋಡಿದೆ. ಅವನು ಕೈಯನ್ನು ಗೋಡೆಯ ಮೇಲೆ ಹಾಗೇ ಇಟ್ಟುಕೊಂಡು ಕಾಯುತ್ತಿದ್ದ.

"ಇನ್ನೊಂದ್ಸಲ ತಟ್ಟೋಕೆ ಹೇಳಮ್ಮ," ಅಂದೆ.

ಅವನು ತಟ್ಟಿದ.